ಧನುರ್ಮಾಸದ ನಸುಕಿನಲ್ಲಿ ಅಮ್ಮನ ಗುಡಿಗೆ: ಹಿಂದಿನ ಸಂಜೆಯಿಂದ ಪ್ರಸಾದದವರೆಗೆ, ಹಂತ ಹಂತವಾಗಿ

ಧನುರ್ಮಾಸ ಹಿಡಿದು ಎರಡು ದಿನ ಕಳೆಯುವಷ್ಟರಲ್ಲಿ ನನಗೆ ಫೋನು ಬರೋಕೆ ಶುರುವಾಗುತ್ತದೆ. “ಅಕ್ಕಾ, ಐದಕ್ಕೇ ಹೋಗಿದ್ವಿ, ಗುಡಿ ಬಾಗಿಲೇ ತೆಗೆದಿರಲಿಲ್ಲ.” “ನಾವು ಹೋಗೋ ಹೊತ್ತಿಗೆ ಮಂಗಳಾರತಿ ಮುಗಿದಿತ್ತು ಅಕ್ಕಾ, ಹುಗ್ಗಿ ಹಂಗೇ ವಾಪಸ್ ತಂದ್ವಿ.” “ಉಡಿ ತುಂಬೋಕೆ ಅಂತ ಒಯ್ದ ಕಾಯಿನೇ ಒಡೆದುಬಿಟ್ರು, ನಾನು ಬಾಯಿ ಬಿಡೋಷ್ಟರಲ್ಲಿ ಆಗ್ಹೋಯ್ತು.” ಪ್ರತಿ ವರ್ಷ ಬೇರೆ ಬೇರೆ ಮನೆಯವರು, ಆದರೆ ಎಡವುವುದು ಇವೇ ಮೂರು ನಾಲ್ಕು ಜಾಗದಲ್ಲಿ. ಇವರೆಲ್ಲ ಚಳಿಯಲ್ಲಿ ಮೂರೂವರೆಗೆ ಎದ್ದು, ತಣ್ಣೀರು ಬಿಸಿನೀರು ನೋಡದೆ ಮಿಂದು ಹೊರಟವರು. ಅಷ್ಟು ಕಷ್ಟಪಟ್ಟು ಹೋದವರು ಬರಿಗೈಲಿ ಬಂದರೆ ನನಗೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಈ ಸಲ ಪೂರ್ತಿ ಬರೆದಿಡುತ್ತಿದ್ದೇನೆ. ಓದುವಾಗ ಒಂದು ಗಮನದಲ್ಲಿರಲಿ: ಇಲ್ಲಿ ಹೇಳಿರುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ದಿನ ಸಂಜೆಯೇ ಮುಗಿಯಬೇಕು. ಬೆಳಿಗ್ಗೆಗೆ ಉಳಿಸಿಕೊಂಡದ್ದೆಲ್ಲ ಕೈಕೊಡುತ್ತದೆ.

ಹಂತ 1: ಯಾವ ಗುಡಿ, ಯಾವ ದಿನ

ಧನುರ್ಮಾಸ ಎಂದರೆ ಸೂರ್ಯ ಧನು ರಾಶಿಯಲ್ಲಿರುವ ತಿಂಗಳು. ಡಿಸೆಂಬರ್ 16ರ ಆಸುಪಾಸಿಗೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. ಇದು ಸೂರ್ಯನ ಲೆಕ್ಕ, ಆದ್ದರಿಂದ ತಾರೀಖು ಹೆಚ್ಚು ಅಲುಗಾಡುವುದಿಲ್ಲ. ಆದರೆ ಅಮ್ಮನ ಗುಡಿಗಳಲ್ಲಿ ಜನ ಸೇರುವ ಹೊಸ್ತಿಲ ಹುಣ್ಣಿಮೆ, ಎಳ್ಳಮಾವಾಸ್ಯೆ, ಬನದ ಹುಣ್ಣಿಮೆ ಮೂರೂ ಚಂದ್ರನ ಲೆಕ್ಕ. ಇವು ಒಂದು ವರ್ಷ ಧನುರ್ಮಾಸದ ಒಳಗೆ ಬೀಳುತ್ತವೆ, ಇನ್ನೊಂದು ವರ್ಷ ಹೊರಗೆ. 2026ರ ಬನದ ಹುಣ್ಣಿಮೆ ಜನವರಿ 3ಕ್ಕೆ ಬಂದು ಧನುರ್ಮಾಸದೊಳಗೇ ಇತ್ತು. 2027ರದ್ದು ಜನವರಿ 22ಕ್ಕೆ, ಸಂಕ್ರಾಂತಿ ಕಳೆದು ವಾರದ ಮೇಲೆ. “ಹೋದ ವರ್ಷ ಈ ತಾರೀಖಿಗೇ ಹೋಗಿದ್ವಿ” ಎಂಬ ನೆನಪಿನ ಮೇಲೆ ರಜೆ ಹಾಕಬೇಡಿ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದು ನೋಡಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಧನುರ್ಮಾಸದಲ್ಲಿ ಎಲ್ಲ ಗುಡಿಗಳಲ್ಲೂ ಅರುಣೋದಯದ ಪೂಜೆ ಇರುತ್ತದೆ ಎಂದುಕೊಂಡು ಹೊರಡುತ್ತಾರೆ. ಇರುವುದಿಲ್ಲ. ಆಗಮದ ಪದ್ಧತಿಯಲ್ಲಿ ಪೂಜೆ ನಡೆಯುವ ಗುಡಿಗಳಲ್ಲಿ ತಿಂಗಳಿಡೀ ನಸುಕಿನ ಪೂಜೆ ಸಾಮಾನ್ಯ. ಊರಮ್ಮ, ಮಾರಮ್ಮ, ಯಲ್ಲಮ್ಮನ ಗುಡಿಗಳಲ್ಲಿ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆ ಅಮಾವಾಸ್ಯೆಗಳೇ ದೊಡ್ಡ ದಿನ. ಉಳಿದ ದಿನ ಬಾಗಿಲು ತೆಗೆಯುವುದು ಬೆಳಕು ಹರಿದ ಮೇಲೂ ಆಗಬಹುದು. ದಾವಣಗೆರೆಯ ದುಗ್ಗಮ್ಮನಿರಲಿ, ಚಿತ್ರದುರ್ಗದ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಇರಲಿ, ನಿಮ್ಮ ಓಣಿಯ ಚೌಡಮ್ಮನೇ ಇರಲಿ, ಪ್ರತಿ ಗುಡಿಗೂ ಅದರದೇ ರೂಢಿ ಇದೆ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಹುಣ್ಣಿಮೆ ಬಿಟ್ಟುಬಿಡಿ, ಶುಕ್ರವಾರವನ್ನೂ ಬಿಡಿ. ಬುಧವಾರವೋ ಗುರುವಾರವೋ ಹೋಗಿ. ಸಾಲು ಇರುವುದಿಲ್ಲ, ಅರ್ಚಕರಿಗೆ ನಿಮ್ಮ ಜೊತೆ ಎರಡು ಮಾತಾಡಲು ಪುರುಸೊತ್ತಿರುತ್ತದೆ, ಅಮ್ಮನ ಮುಖ ಕಣ್ತುಂಬ ನೋಡಬಹುದು. ಹಾಗೆಯೇ ಮನೆಯಲ್ಲಿ ಸೂತಕವಿದ್ದರೆ ಅದು ಕಳೆಯಲಿ, ಆಮೇಲೆ ದಿನ ನೋಡಿ. ತಿಂಗಳು ದೊಡ್ಡದಿದೆ.

ಹಂತ 2: ಹಿಂದಿನ ಸಂಜೆ ಗುಡಿಗೆ ಹೋಗಿ ಕೇಳಬೇಕಾದ್ದು

ಫೋನಿನಲ್ಲಿ ಕೇಳಿದರೆ ಸಾಲದು. ಸಂಜೆ ಪೂಜೆಯ ಹೊತ್ತಿಗೆ ಒಮ್ಮೆ ಹೋಗಿ ಕೈಮುಗಿದು, ಅರ್ಚಕರನ್ನೇ ಕಂಡು ನಾಲ್ಕು ವಿಷಯ ಕೇಳಿ.

“ಸ್ವಾಮಿ, ನಾಳೆ ಬಾಗಿಲು ಎಷ್ಟೊತ್ತಿಗೆ ತೆಗೀತೀರಿ, ಮಂಗಳಾರತಿ ಎಷ್ಟೊತ್ತಿಗೆ?” ಇವು ಎರಡು ಬೇರೆ ಬೇರೆ ಸಮಯ. ನಡುವೆ ಅಭಿಷೇಕ, ಅಲಂಕಾರ ಇರುತ್ತದೆ, ಅಲಂಕಾರದ ಹೊತ್ತಿಗೆ ಪರದೆ ಎಳೆದಿರುತ್ತಾರೆ. ನಿಮಗೆ ಬೇಕಾದದ್ದು ಬಾಗಿಲು ತೆಗೆಯುವ ಸಮಯ.

“ಮನೇಲಿ ಮಾಡಿದ ನೈವೇದ್ಯ ತಗೊಳ್ತೀರಾ?” ಕೆಲವು ಗುಡಿಗಳಲ್ಲಿ ಗುಡಿಯ ಅಡುಗೆಮನೆಯಲ್ಲಿ ಮಾಡಿದ್ದೇ ಅಮ್ಮನಿಗೆ ಎಡೆ. ಅಲ್ಲಿ ಮನೆಯ ಹುಗ್ಗಿಯನ್ನು ಗರ್ಭಗುಡಿಯೊಳಗೆ ಒಯ್ಯುವುದಿಲ್ಲ. ಹಾಗಿದ್ದರೆ ಅಕ್ಕಿ, ಬೇಳೆ, ಬೆಲ್ಲ, ತುಪ್ಪವನ್ನು ಪಡಿಯಾಗಿ ಸಂಜೆಯೇ ಒಪ್ಪಿಸಿಬಿಡಿ. ಅದರಲ್ಲಿ ಕಮ್ಮಿ ಏನಿಲ್ಲ. ನಿಮಗೆ ಒಂದು ತಾಸು ಹೆಚ್ಚು ನಿದ್ದೆಯೂ ಸಿಗುತ್ತದೆ.

“ಉಡಿ ತುಂಬೋದು ಬೆಳಿಗ್ಗೆನಾ, ಆಮೇಲಾ?” ನಸುಕಿನ ಪೂಜೆಯ ನಡುವೆ ಉಡಿ ತುಂಬಲು ಹಲವು ಕಡೆ ಬಿಡುವುದಿಲ್ಲ, ಮಂಗಳಾರತಿ ಆದ ಮೇಲೆ ತುಂಬಿಸುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಸಾಲಿನಲ್ಲಿ ಚೀಲ ಬಿಚ್ಚಿ ಕಟ್ಟುವ ಗಡಿಬಿಡಿ ಇರುವುದಿಲ್ಲ.

ನಾಲ್ಕನೆಯದು ಚೀಟಿ. ಅಭಿಷೇಕಕ್ಕೋ ಅರ್ಚನೆಗೋ ಚೀಟಿ ಬರೆಸಬೇಕಿದ್ದರೆ ಹಿಂದಿನ ದಿನವೇ ಬರೆಸಿ. ನಸುಕಿನಲ್ಲಿ ಚೀಟಿ ಬರೆಯುವವರು ಕೂತಿರುತ್ತಾರೆಂಬ ಖಾತರಿ ಇಲ್ಲ. ಮನೆಮಂದಿಯ ಹೆಸರು, ನಕ್ಷತ್ರ, ಗೋತ್ರವನ್ನು ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಗೋತ್ರ ಗೊತ್ತಿಲ್ಲದಿದ್ದರೆ ನಾಚಿಕೆಪಡಬೇಡಿ, ಹೆಸರು ಹೇಳಿದರೆ ಸಾಕು, ಅರ್ಚಕರೇ ಸರಿಮಾಡಿ ಹೇಳುತ್ತಾರೆ.

ಹಂತ 3: ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಧನುರ್ಮಾಸದಲ್ಲಿ ದಾವಣಗೆರೆಯಲ್ಲಿ ಸೂರ್ಯ ಹುಟ್ಟುವುದು ತಿಂಗಳ ಆರಂಭದಲ್ಲಿ ಸುಮಾರು 6.45ಕ್ಕೆ, ಸಂಕ್ರಾಂತಿ ಹೊತ್ತಿಗೆ 6.55ಕ್ಕೆ. ಚಿತ್ರದುರ್ಗದಲ್ಲಿ ಒಂದೆರಡು ನಿಮಿಷ ಮುಂಚೆ. ಅರುಣೋದಯವೆಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ. ಒಂದು ಘಳಿಗೆಗೆ 24 ನಿಮಿಷ, ನಾಲ್ಕಕ್ಕೆ 96. ಅಂದರೆ ನಮ್ಮ ಕಡೆ 5.10ರಿಂದ 5.20ರ ಹೊತ್ತು. ನಕ್ಷತ್ರ ಕಾಣುತ್ತಿರುವಾಗ ಆದ ಪೂಜೆ ಉತ್ತಮ, ನಕ್ಷತ್ರ ಮಾಸಿದ ಮೇಲೆ ಮಧ್ಯಮ, ಸೂರ್ಯ ಬಂದ ಮೇಲೆ ಅಧಮ ಎಂದು ಹಿರಿಯರು ಹೇಳುವುದು ಈ ಲೆಕ್ಕದ ಮೇಲೆ.

ಗುಡಿ ಬಾಗಿಲು ಐದೂಕಾಲಿಗೆ ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಗುಡಿ ಮುಂದೆ 5.10ಕ್ಕೆ ಇರಬೇಕು. ವಿದ್ಯಾನಗರದ ಕಡೆಯಿಂದ ಹಳೇ ಊರಿಗೆ ಬರುವವರು 4.50ಕ್ಕೆ ಹೊರಡಬೇಕು. ಹುಗ್ಗಿ 4.40ಕ್ಕೆ ಇಳಿಯಬೇಕು, ಅಂದರೆ 4 ಗಂಟೆಗೆ ಕುಕ್ಕರ್ ಒಲೆಯ ಮೇಲಿರಬೇಕು. ಸ್ನಾನ 3.45ಕ್ಕೆ, ಏಳುವುದು 3.30ಕ್ಕೆ. ನಾಲ್ಕು ಜನ ಹೊರಡುವ ಮನೆ, ಒಂದೇ ಬಚ್ಚಲು ಎಂದರೆ ಅಡುಗೆ ಮಾಡುವವರು ಮೊದಲು ಮೀಯಬೇಕು. ಉಳಿದವರು ಹುಗ್ಗಿ ಬೇಯುವಾಗ ಮೀಯಲಿ. ಇದನ್ನು ರಾತ್ರಿಯೇ ಮಾತಾಡಿಕೊಳ್ಳಿ. ಬೆಳಿಗ್ಗೆ ಬಚ್ಚಲ ಬಾಗಿಲ ಮುಂದೆ ಆಗುವ ಜಗಳದಲ್ಲಿ ಮಂಗಳಾರತಿ ತಪ್ಪಿಸಿಕೊಂಡವರು ಬಹಳ ಮಂದಿ.

ಹಂತ 4: ಉಡಿ ಸಾಮಾನು ಮತ್ತು ಪೂಜೆಯ ಚೀಲ

ಹರಪನಹಳ್ಳಿ ಕಡೆಯಿಂದ ಬಂದವರು ಉಡಿ ತುಂಬೋದು ಅಂತಾರೆ, ಚಿತ್ರದುರ್ಗದ ಕಡೆಯವರು ಮಡ್ಲಕ್ಕಿ ಹಾಕೋದು ಅಂತಾರೆ. ದಾವಣಗೆರೆಯಲ್ಲಿ ಎರಡೂ ಮಾತು ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಸಾಮಾನು ಮಾತ್ರ ಹೆಚ್ಚುಕಡಿಮೆ ಒಂದೇ.

ಬೇಕಾದ್ದು: ಐದು ಹಿಡಿ ಅಕ್ಕಿ, ರವಿಕೆ ಕಣ ಒಂದು, ಹಸಿರು ಗಾಜಿನ ಬಳೆ, ಐದು ವೀಳ್ಯದೆಲೆ, ಐದು ಅಡಿಕೆ, ಐದು ಅರಿಶಿನ ಕೊಂಬು, ಐದು ಉತ್ತತ್ತಿ, ಬಾಳೆಹಣ್ಣು, ಬೆಲ್ಲದ ಅಚ್ಚು, ಅರಿಶಿನ ಕುಂಕುಮದ ಪೊಟ್ಟಣ, ಜುಟ್ಟಿರುವ ತೆಂಗಿನಕಾಯಿ, ಹೂವು, ದಕ್ಷಿಣೆ. ಸೀರೆ ಕೊಡುವ ಹರಕೆ ಇದ್ದರೆ ಸೀರೆ. ಕಣಕ್ಕೆ ಹಸಿರು, ಕೆಂಪು, ಹಳದಿ ಒಳ್ಳೆಯದು, ಕಪ್ಪು ಬೇಡ. ಪಾಲಿಸ್ಟರ್ ತುಂಡು ಕೊಳ್ಳುವ ಬದಲು ಸ್ವಲ್ಪ ಹೆಚ್ಚು ಕೊಟ್ಟು ಹತ್ತಿಯ ಕಣ ತನ್ನಿ. ಪ್ರಸಾದವಾಗಿ ಯಾರ ಕೈಗೆ ಹೋದರೂ ಅದು ಹೊಲಿಸಿಕೊಂಡು ಉಡುವಂತಿರಲಿ.

ಕಾಯಿ ಎರಡು ತನ್ನಿ, ಇದನ್ನು ಮರೆಯಬೇಡಿ. ಒಂದು ಉಡಿಗೆ. ಅದು ಇಡಿಯಾಗಿಯೇ ಇರಬೇಕು, ಒಡೆಯುವಂತಿಲ್ಲ. ಇನ್ನೊಂದು ಹಣ್ಣುಕಾಯಿಗೆ. ಒಂದೇ ಕಾಯಿ ತಟ್ಟೆಯಲ್ಲಿಟ್ಟು ಕೊಟ್ಟರೆ ಅರ್ಚಕರು ಅದನ್ನು ಹಣ್ಣುಕಾಯಿ ಎಂದೇ ತಿಳಿದು ಒಡೆಯುತ್ತಾರೆ. ತಪ್ಪು ಅವರದಲ್ಲ. ಉಡಿಯ ಕಾಯಿಗೆ ಮನೆಯಲ್ಲೇ ಅರಿಶಿನ ಕುಂಕುಮ ಹಚ್ಚಿ, ಕಣದಲ್ಲಿ ಸುತ್ತಿ, ಬೇರೆ ಚೀಲದಲ್ಲಿಡಿ. ಗೊಂದಲವೇ ಹುಟ್ಟುವುದಿಲ್ಲ.

ಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ಕುಲುಕಬೇಕು. ಕಣ್ಣಿನ ಜಾಗದಲ್ಲಿ ಒದ್ದೆ ಇದ್ದರೆ, ಬೂಸಲು ಕಂಡರೆ ಬಿಡಿ. ಜುಟ್ಟಿನ ಬುಡವನ್ನು ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಒಳಗೆ ಕೆಟ್ಟಿರುತ್ತದೆ. ಇಷ್ಟು ನೋಡಿ ತಂದರೂ ಒಮ್ಮೊಮ್ಮೆ ಕೆಟ್ಟ ಕಾಯಿ ಒಡೆಯುತ್ತದೆ. ಅದನ್ನು ಅಪಶಕುನ ಎಂದುಕೊಂಡು ಗುಡಿಯಲ್ಲೇ ಕಣ್ಣೀರು ಹಾಕಿದ ಹೆಣ್ಣುಮಗಳನ್ನು ನಾನು ನೋಡಿದ್ದೇನೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ಕಾಯಿಯನ್ನೇ ಅವಳ ಕೈಗಿಟ್ಟು, “ಮರದಾಗಿದ್ದ ಕಾಯಿ ಕೆಟ್ಟರೆ ನೀನೇನು ಮಾಡ್ತೀ ತಾಯಿ, ಇದನ್ನ ಕೊಡು” ಅಂದರು. ಚೀಲದಲ್ಲಿ ಮೂರನೆಯ ಕಾಯಿಯೊಂದು ಇದ್ದರೆ ಇನ್ನೂ ಒಳ್ಳೆಯದು, ನಿಮಗೆ ಬೇಡವಾದರೆ ಬೇರೆ ಯಾರಿಗಾದರೂ ಆಗುತ್ತದೆ.

ಹೂವಿನ ವಿಷಯ. ಈ ಚಳಿಗೆ ಮಲ್ಲಿಗೆ ಇಳುವರಿ ಇಳಿದಿರುತ್ತದೆ, ಬೆಲೆ ಏರಿರುತ್ತದೆ. ಸೇವಂತಿಗೆ, ಚೆಂಡುಹೂ ಧಾರಾಳವಾಗಿ ಸಿಗುವ ಕಾಲ, ಅವನ್ನೇ ತನ್ನಿ. ಸಂಜೆ ತಂದ ಹೂವನ್ನು ಬಾಳೆಎಲೆಯಲ್ಲೋ ಒದ್ದೆ ಬಟ್ಟೆಯಲ್ಲೋ ಸುತ್ತಿ ತಂಪಿನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಬೆವತು ಬೆಳಿಗ್ಗೆ ಎಸಳು ಕಂದಿರುತ್ತವೆ.

ತುಪ್ಪದ ಬತ್ತಿಯನ್ನು ರಾತ್ರಿಯೇ ಮಾಡಿಡಿ. ತುಪ್ಪ ಬಿಸಿ ಮಾಡಿ, ಹೂಬತ್ತಿಗಳನ್ನು ಅದ್ದಿ, ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ. ಚಳಿಗೆ ಅವು ಹೆಪ್ಪುಗಟ್ಟಿ ಕೂತಿರುತ್ತವೆ, ಬೈಕಿನಲ್ಲಿ ಒಯ್ದರೂ ಚೆಲ್ಲುವುದಿಲ್ಲ. ಬಾಟಲಿಯಲ್ಲಿ ತುಪ್ಪ ಒಯ್ದವರು ಗುಡಿಯ ಮುಂದೆ ಗಟ್ಟಿ ತುಪ್ಪವನ್ನು ಬೆರಳಲ್ಲಿ ಕೆರೆಯುತ್ತ ನಿಲ್ಲಬೇಕಾಗುತ್ತದೆ. ಬೆಂಕಿಪೊಟ್ಟಣ ಒಂದು ಪುಟ್ಟ ಕವರಿನೊಳಗಿರಲಿ, ಇಬ್ಬನಿಗೆ ತೇವವಾದ ಕಡ್ಡಿ ಹೊತ್ತುವುದಿಲ್ಲ.

ಹಂತ 5: ಹುಗ್ಗಿ

ನಮ್ಮ ಕಡೆ ಹುಗ್ಗಿ ಅಂದರೆ ಮೊದಲು ನೆನಪಾಗುವುದು ಗೋಧಿ ಹುಗ್ಗಿ. ಧನುರ್ಮಾಸಕ್ಕೆ ಬೇಕಾದ್ದು ಅಕ್ಕಿ ಮತ್ತು ಹೆಸರುಬೇಳೆಯದು. ಶಾಸ್ತ್ರದವರು ಮುದ್ಗಾನ್ನ ಅನ್ನುತ್ತಾರೆ. ಬೇಳೆ ಅಕ್ಕಿಯ ಎರಡರಷ್ಟಿದ್ದರೆ ಉತ್ತಮ, ಸಮವಿದ್ದರೆ ಮಧ್ಯಮ, ಅರ್ಧವಿದ್ದರೆ ಅಧಮ ಎಂದು ಹೇಳುವುದುಂಟು. ನಾನು ಮಾಡುವುದು ಸಮ. ಗಂಟಿಲ್ಲದೆ ಬೇಯುತ್ತದೆ, ಮಕ್ಕಳೂ ತಿನ್ನುತ್ತಾರೆ.

ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲ. ಹೊಸಬರು ಇಲ್ಲಿ ಹೆದರುತ್ತಾರೆ. ಆದ್ದರಿಂದ ಕಣ್ಣಂದಾಜು ಬೇಡ, ಅಳತೆ ಹಿಡಿಯಿರಿ. ಒಂದು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ, ಎಂಟು ಲೋಟ ನೀರು. ಇದಕ್ಕೆ ಐದು ಲೀಟರ್ ಕುಕ್ಕರ್ ಬೇಕು, ಮೂರು ಲೀಟರಿನದಾದರೆ ಎಲ್ಲವನ್ನೂ ಅರ್ಧ ಮಾಡಿ. ತುಂಬ ತುಂಬಿಸಿದರೆ ಬೇಳೆಯ ನೊರೆ ಸೀಟಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ, ಅದು ಅಪಾಯ. ಒಂದು ಚಮಚ ತುಪ್ಪ ಹಾಕಿದರೆ ನೊರೆ ತಗ್ಗುತ್ತದೆ. ಸೀಟಿಯ ಪಕ್ಕದಿಂದ ನೀರು ಸೋರುತ್ತಿದ್ದು ಶಬ್ದವೇ ಬರದಿದ್ದರೆ ಕೂಡಲೇ ಉರಿ ಆರಿಸಿ. ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ.

ರಾತ್ರಿಯೇ ಅಕ್ಕಿ ಆರಿಸಿಡಿ. ಬೇಳೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣ ತಿರುಗುವ ಮುಂಚೆಯೇ ಘಮ ಬರುತ್ತದೆ, ಆ ಹೊತ್ತಿಗೆ ಇಳಿಸಿ. ಕೆಂಪಗಾದರೆ ಹುಗ್ಗಿಗೆ ಸುಟ್ಟ ವಾಸನೆ ಬರುತ್ತದೆ, ಮೇಲೆ ಎಷ್ಟು ಏಲಕ್ಕಿ ಹಾಕಿದರೂ ಹೋಗುವುದಿಲ್ಲ. ಬೆಲ್ಲ ಕುಟ್ಟಿಡಿ, ಒಣಕೊಬ್ಬರಿ ಹೆಚ್ಚಿಡಿ, ಏಲಕ್ಕಿ ಪುಡಿ ಮಾಡಿಡಿ.

ಬೆಳಿಗ್ಗೆ ಅಕ್ಕಿ ಬೇಳೆ ತೊಳೆದು ಕುಕ್ಕರಿಗಿಟ್ಟು ಐದು ಸೀಟಿ ಕೂಗಿಸಿ. ಸಿಹಿ ಹುಗ್ಗಿಗೆ ಪಕ್ಕದ ಒಲೆಯಲ್ಲಿ ಎರಡು ಲೋಟ ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಸೋಸಿ. ಸೋಸದೆ ಹಾಕಿದ ಬೆಲ್ಲದಲ್ಲಿ ಮರಳು, ಕಬ್ಬಿನ ನಾರು ಇದ್ದೇ ಇರುತ್ತದೆ. ಅಕ್ಕಿ ಬೇಳೆ ಪೂರ್ತಿ ಬೆಂದು, ಬೆರಳಲ್ಲಿ ಹಿಸುಕಿದರೆ ಕರಗುವಂತಾದ ಮೇಲೆಯೇ ಬೆಲ್ಲದ ನೀರು ಸೇರಿಸಬೇಕು. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದು ನಿಲ್ಲುತ್ತದೆ. ಮದುವೆಯಾದ ಮೊದಲ ವರ್ಷ ನಾನು ಎಲ್ಲವನ್ನೂ ಒಟ್ಟಿಗೇ ಹಾಕಿದ್ದೆ. ಮುಚ್ಚಳ ತೆಗೆದಾಗ ಅಕ್ಕಿ ಕಾಳು ಕಾಳಾಗಿ, ಹಲ್ಲಿಗೆ ಸಿಗುವ ಹಾಗೆ ನಿಂತಿತ್ತು. ಅತ್ತೆ ಒಂದು ಮಾತೂ ಆಡದೆ ಇನ್ನೊಂದು ಪಾತ್ರೆ ಒಲೆಗಿಟ್ಟರು. ನಾವು ಗುಡಿ ಸೇರಿದಾಗ ಬೆಳಕು ಹರಿದಿತ್ತು. ಆ ದಿನದಿಂದ ನಾನು ಬೆಲ್ಲದ ಪಾತ್ರೆಯನ್ನು ಕುಕ್ಕರಿನಿಂದ ದೂರವೇ ಇಡುತ್ತೇನೆ.

ಬೆಲ್ಲ ಹಾಕಿ ಐದು ನಿಮಿಷ ಕುದಿಸಿ, ಕಾಲು ಲೋಟ ತುಪ್ಪ, ಕೊಬ್ಬರಿ, ಗೋಡಂಬಿ, ದ್ರಾಕ್ಷಿ, ಏಲಕ್ಕಿ ಹಾಕಿ. ಪಚ್ಚಕರ್ಪೂರ ಹಾಕುವವರು ಸಾಸಿವೆ ಕಾಳಿನಷ್ಟು ಮಾತ್ರ ಹಾಕಿ. ಆರತಿಯ ಕರ್ಪೂರ ಬೇರೆ, ಅದನ್ನು ಅಪ್ಪಿತಪ್ಪಿಯೂ ಅಡುಗೆಗೆ ಹಾಕಬೇಡಿ, ವಿಷ. ಎರಡನ್ನೂ ಒಂದೇ ಡಬ್ಬಿಯಲ್ಲಿಡುವುದೂ ಬೇಡ. ಖಾರದ ಹುಗ್ಗಿಗೆ ಇದೇ ಅಳತೆಗೆ ಮೂರು ಟೀ ಚಮಚ ಪುಡಿ ಉಪ್ಪು, ತುಪ್ಪದಲ್ಲಿ ಹುರಿದ ಮೆಣಸು, ಜೀರಿಗೆ, ಶುಂಠಿ, ಇಂಗು, ಕರಿಬೇವು. ಈರುಳ್ಳಿ ಬೆಳ್ಳುಳ್ಳಿ ಬೇಡ.

ಇಳಿಸುವಾಗ ಹುಗ್ಗಿ ನಿಮಗೆ ಬೇಕಾದ್ದಕ್ಕಿಂತ ತೆಳ್ಳಗಿರಲಿ. ಬೆಳಗಿನ ಜಾವ ಇಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ, ಗುಡಿ ಸೇರುವಷ್ಟರಲ್ಲಿ ಅದು ತಾನಾಗಿ ಬಿಗಿಯುತ್ತದೆ. ಒಯ್ಯಲು ಹೊಸದೋ, ನೈವೇದ್ಯಕ್ಕೇ ಮೀಸಲಾದದ್ದೋ ಒಂದು ಸ್ಟೀಲ್ ಡಬ್ಬಿ ಸಾಕು. ಹಿತ್ತಾಳೆಯದಾದರೆ ಕಲಾಯಿ ಇರಬೇಕು. ಮೇಲೊಂದು ತುಣುಕು ಬಾಳೆಎಲೆ ಮುಚ್ಚಿ ಮುಚ್ಚಳ ಹಾಕಿದರೆ ಆವಿಯ ನೀರು ಹುಗ್ಗಿಗೆ ಇಳಿಯುವುದಿಲ್ಲ.

ಹಂತ 6: ಸ್ನಾನ, ಮಡಿ, ಹೊರಡುವುದು

ತಲೆಗೆ ಮೀಯುವ ಹೆಂಗಸರು ಕೂದಲು ಒದ್ದೆಯಿರುವಾಗಲೇ ಬೈಕಿನ ಹಿಂದೆ ಕೂರಬೇಡಿ. ಹಿಂದಿನ ಸಂಜೆ ತಲೆಗೆ ಎರೆದುಕೊಂಡು, ಬೆಳಿಗ್ಗೆ ಮೈಗೆ ಮಿಂದರೆ ಆಯಿತು, ಬಹಳ ಮನೆಗಳಲ್ಲಿ ಇದೇ ರೂಢಿ. ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರಿಗೆ ತಣ್ಣೀರು ಸ್ನಾನ ಕೂಡದು. ಮೀಯುವಾಗ ಎದೆ ಹಿಡಿದಂತಾದರೆ, ಎಡತೋಳು ಜಗ್ಗಿದರೆ, ತಲೆ ತಿರುಗಿದರೆ ಗುಡಿಯ ಮಾತು ಬಿಡಿ, ಆಸ್ಪತ್ರೆಗೆ ನಡೆಯಿರಿ.

ಖಾಲಿ ಹೊಟ್ಟೆಯಲ್ಲಿ ಹೋಗುವುದು ಪದ್ಧತಿ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು, ಬಸುರಿಯರು, ಚಿಕ್ಕ ಮಕ್ಕಳು ಒಂದು ಲೋಟ ಹಾಲು ಕುಡಿದು ಹೋಗಲಿ. ಬೆವರು ಕಿತ್ತು ಕೈ ನಡುಗುತ್ತಿದ್ದರೆ ಸಕ್ಕರೆ ಇಳಿದಿದೆ ಎಂದರ್ಥ. ಬಾಳೆಹಣ್ಣು ನೈವೇದ್ಯದ್ದು ಎಂದು ಕಾಯಬೇಡಿ, ಕೊಟ್ಟುಬಿಡಿ.

ಮಡಿ ಬಟ್ಟೆಯ ಮೇಲೆ ಸ್ವೆಟರ್ ಹಾಕಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ದಾರಿಯಲ್ಲಿ ಹಾಕಿಕೊಳ್ಳಿ, ಗುಡಿಯೊಳಗೆ ತೆಗೆದು ಮಡಚಿ ಕೈಲಿ ಹಿಡಿಯಿರಿ. ಸೀರೆ ಹತ್ತಿಯದೋ ರೇಷ್ಮೆಯದೋ ಇರಲಿ. ಆರತಿಯ ಹತ್ತಿರ ಜಾರ್ಜೆಟ್, ನೈಲಾನ್ ಸೆರಗು ಕ್ಷಣದಲ್ಲಿ ಬೆಂಕಿ ಹಿಡಿದು ಮೈಗೆ ಅಂಟಿಕೊಳ್ಳುತ್ತದೆ. ಬೈಕಿನಲ್ಲಿ ಕೂರುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ.

ನಸುಕಿನಲ್ಲಿ ಸಿಟಿ ಬಸ್ಸು ನಂಬಬೇಡಿ, ಆಟೋದವರಿಗೆ ರಾತ್ರಿಯೇ ಹೇಳಿಡಿ. ಹಳ್ಳಿಯಿಂದ ಬರುವವರು ಮಂಜು ಬಿದ್ದಿದ್ದರೆ ನಿಧಾನಕ್ಕೆ ಬನ್ನಿ. ಹಿಂದೆ ದೀಪವಿಲ್ಲದೆ ಹೊಲದಿಂದ ಬರುವ ಟ್ರ್ಯಾಕ್ಟರ್ ಟ್ರೇಲರ್‌ಗಳು ಹತ್ತಿರ ಬರುವ ತನಕ ಕಾಣುವುದೇ ಇಲ್ಲ.

ಹಂತ 7: ಗುಡಿಯೊಳಗೆ ಯಾವುದರ ನಂತರ ಯಾವುದು

ಕಾಲು ತೊಳೆದು, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೊಸ್ತಿಲ ಮೇಲೆ ಕಾಲಿಡದೆ ದಾಟಿ. ಒಳಗೆ ಮೊದಲು ಗಣಪತಿಗೆ ಕೈಮುಗಿಯಿರಿ. ನೈವೇದ್ಯದ ಡಬ್ಬಿಯನ್ನು ನೆಲದ ಮೇಲಿಡಬೇಡಿ, ಸಿಕ್ಕ ಕೂಡಲೇ ಅರ್ಚಕರಿಗೋ ಸಹಾಯಕರಿಗೋ ಒಪ್ಪಿಸಿ “ಹುಗ್ಗಿ, ನೈವೇದ್ಯಕ್ಕೆ” ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಕೊಟ್ಟ ಡಬ್ಬಿ ಮೂಲೆಯಲ್ಲಿ ಕೂತು ಮಂಗಳಾರತಿ ಆದ ಮೇಲೆ ಹಾಗೇ ವಾಪಸು ಬಂದದ್ದಿದೆ. ಡಬ್ಬಿಯ ಮೇಲೆ ನಿಮ್ಮ ಹೆಸರಿನ ಚೀಟಿ ಇರಲಿ.

ಆಮೇಲೆ ಹೂವು, ಹಣ್ಣುಕಾಯಿ, ಹೆಸರಿನ ಕಾಗದ ಕೊಡಿ. ಸಂಕಲ್ಪದ ಹೊತ್ತಿಗೆ ಮನೆಮಂದಿಯೆಲ್ಲ ಎದುರಿಗಿರಬೇಕು. ಒಬ್ಬರು ಹೊರಗೆ ಫೋನಿನಲ್ಲಿ, ಇನ್ನೊಬ್ಬರು ಚಪ್ಪಲಿ ಕಾಯುತ್ತ ನಿಂತರೆ ಬಂದದ್ದೇ ವ್ಯರ್ಥ. ಅಭಿಷೇಕ ನಡೆಯುವಾಗ ಫೋಟೋ ತೆಗೆಯಬೇಡಿ. ಮಂಗಳಾರತಿಗೆ ಗಂಟೆ ಬಾರಿಸುವಾಗ ಕಣ್ಣು ಮುಚ್ಚಿ ನಿಲ್ಲುವವರಿದ್ದಾರೆ. ನಾನಾದರೆ ಕಣ್ಣು ತೆರೆದೇ ನಿಲ್ಲುತ್ತೇನೆ. ಹೊರಗೆಲ್ಲ ಕತ್ತಲಿರುವಾಗ ಆ ಒಂದು ಆರತಿಯ ಬೆಳಕಿನಲ್ಲಿ ಅಮ್ಮನ ಮೂಗುತಿ ಹೊಳೆಯುವುದನ್ನು ನೋಡಲಿಕ್ಕೇ ಅಲ್ಲವೇ ಮೂರೂವರೆಗೆ ಎದ್ದದ್ದು.

ಆರತಿಗೆ ಬಲಗೈ ಒಡ್ಡಿ ಕಣ್ಣಿಗೊತ್ತಿಕೊಳ್ಳಿ. ತೀರ್ಥಕ್ಕೆ ಬಲ ಅಂಗೈ ಗುಣಿ ಮಾಡಿ, ಕೆಳಗೆ ಸೆರಗೋ ಎಡಗೈಯೋ ಇರಲಿ, ಹನಿ ನೆಲಕ್ಕೆ ಬೀಳಬಾರದು. ನಂತರ ಉಡಿ. ಗುಡಿಯ ಪದ್ಧತಿಯಂತೆ ಅರ್ಚಕರೇ ಅಮ್ಮನಿಗೆ ಅರ್ಪಿಸುತ್ತಾರೆ. ಅಕ್ಕಿ ಕೆಳಗೆ, ಅದರ ಮೇಲೆ ಕಾಯಿ, ಎಲೆ ಅಡಿಕೆ, ಅರಿಶಿನ ಕೊಂಬು, ಉತ್ತತ್ತಿ, ಬೆಲ್ಲ, ಬಳೆ, ಎಲ್ಲಕ್ಕೂ ಮೇಲೆ ಕಣ, ಹೀಗೆ ಮೊರದಲ್ಲೋ ತಟ್ಟೆಯಲ್ಲೋ ಜೋಡಿಸಿ ಕೊಡಿ. ಪ್ರದಕ್ಷಿಣೆ ಇದಾದ ಮೇಲೆ, ಬಲಕ್ಕೆ, ನಿಧಾನವಾಗಿ. ಹಾಸುಗಲ್ಲು ಇಬ್ಬನಿಗೂ ಕಾಯಿ ನೀರಿಗೂ ಜಾರುತ್ತಿರುತ್ತದೆ, ಅಜ್ಜಿಯರ ಕೈ ಹಿಡಿದುಕೊಳ್ಳಿ. ಗಂಡಸರು ಸಾಷ್ಟಾಂಗ, ಹೆಂಗಸರು ಮೊಣಕಾಲೂರಿ ನಮಸ್ಕಾರ ಮಾಡಿ.

ದೀಪ ಹಚ್ಚುವುದಕ್ಕೆ ಗೊತ್ತುಮಾಡಿದ ಜಾಗದಲ್ಲೇ ಹಚ್ಚಿ. ಕಂಬದ ಬುಡದಲ್ಲಿ, ಮೆಟ್ಟಿಲ ಮೇಲೆ ಇಟ್ಟ ದೀಪಕ್ಕೆ ಸೆರಗು ತಗಲುವುದು ಹೆಚ್ಚು.

ಹಂತ 8: ಪ್ರಸಾದ

ಹುಗ್ಗಿಯ ಡಬ್ಬಿ ವಾಪಸು ಬಂದಾಗ ಅಲ್ಲಿದ್ದವರಿಗೆ ಮೊದಲು ಹಂಚಿ. ಒಂದು ಚಮಚ ಮತ್ತು ಹತ್ತಿಪ್ಪತ್ತು ಮುತ್ತುಗದ ದೊನ್ನೆ ಚೀಲದಲ್ಲಿರಲಿ. ದೊನ್ನೆ ಮರೆತವರು ಬಿಸಿ ಹುಗ್ಗಿಯನ್ನು ಜನರ ಅಂಗೈಗೆ ಹಾಕಿ ಸುಡಿಸುತ್ತಾರೆ.

ಉಡಿಯ ಅಕ್ಕಿಯಲ್ಲಿ ಒಂದು ಪಾಲು ವಾಪಸು ಕೊಟ್ಟರೆ ಅದನ್ನು ಮನೆಯ ಅಕ್ಕಿ ಡಬ್ಬಕ್ಕೆ ಸುರಿಯದೆ, ಆವತ್ತೋ ಮರುದಿನವೋ ಪಾಯಸ ಮಾಡಿ ಮನೆಮಂದಿಯೇ ಉಣ್ಣಿ. ಕಾಯಿ ಕೊಟ್ಟರೆ ದೇವರ ಮುಂದಿಟ್ಟು ಸಿಹಿ ಅಡುಗೆಗೆ ಬಳಸಿ. ವರ್ಷಗಟ್ಟಲೆ ಜಗಲಿಯ ಮೇಲೆ ಒಣಗಿಸಿ ಇಡುವುದರಲ್ಲಿ ಅರ್ಥವಿಲ್ಲ. ಪ್ರಸಾದ ಬಾಯಿಗೆ ಬಿದ್ದ ಮೇಲೆ ಬೆಣ್ಣೆದೋಸೆಗೆ ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ಗುಡಿಗೆ ಹೋಗುವ ಮುಂಚೆ ದಾರಿಯಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸುವುದು ಬೇಡ.

ಹಂತ 9: ಕೋಟೆಯ ಅಮ್ಮ, ಗುಡ್ಡದ ಅಮ್ಮನ ಬಳಿ ಹೋಗುವವರಿಗೆ

ಚಿತ್ರದುರ್ಗದ ಮೇಲುದುರ್ಗದಲ್ಲಿರುವ ಏಕನಾಥೇಶ್ವರಿಗೆ, ಅಥವಾ ದಾವಣಗೆರೆಯಿಂದ ಸುಮಾರು 30 ಕಿಲೋಮೀಟರ್ ದೂರದ ಉಚ್ಚಂಗಿದುರ್ಗಕ್ಕೆ ಹೋಗುವವರಿಗೆ ಮೇಲಿನ ಸಮಯದ ಲೆಕ್ಕ ಹೊಂದುವುದಿಲ್ಲ.

ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಹೆಬ್ಬಾಗಿಲು ತೆಗೆದ ಮೇಲೆ ಟಿಕೆಟ್ ಪಡೆದು ಹತ್ತಬೇಕು, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅರುಣೋದಯಕ್ಕೆ ಮೇಲೆ ತಲುಪುವ ಆಸೆ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ದೇವರ ಮುಂದೆ ಅರುಣೋದಯದ ಪೂಜೆ, ಹುಗ್ಗಿ ಮುಗಿಸಿ, ಬೆಳಕಾದ ಮೇಲೆ ಕೋಟೆ ಹತ್ತಿ. ದಾವಣಗೆರೆಯಿಂದ ದುರ್ಗಕ್ಕೆ 60 ಕಿಲೋಮೀಟರ್, ಹೆದ್ದಾರಿಯಲ್ಲಿ ಒಂದೂಕಾಲು ತಾಸು ಹಿಡಿಯಿರಿ. ಕೋಟೆಯೊಳಗೆ ಒಲೆ ಹೂಡುವುದು, ಬೆಂಕಿ ಹಾಕುವುದು ಕೂಡದು, ನೈವೇದ್ಯ ಮನೆಯಿಂದಲೇ ಬರಲಿ.

ಉಚ್ಚಂಗಿದುರ್ಗ ಈಗ ವಿಜಯನಗರ ಜಿಲ್ಲೆಯಲ್ಲಿದೆ, ಆದರೆ ಹೋಗುವವರಲ್ಲಿ ನಮ್ಮವರೇ ಬಹಳ. ಹುಣ್ಣಿಮೆಯ ದಿನ ಬಸ್ಸಿನಲ್ಲಿ ಹೋಗುವ ಹೆಂಗಸರು ಶಕ್ತಿ ಯೋಜನೆಯ ಉಚಿತ ಟಿಕೆಟಿಗೆ ಆಧಾರ್ ಮರೆಯಬೇಡಿ. ಆ ನೂಕುನುಗ್ಗಲಲ್ಲಿ ಮಕ್ಕಳು ಕೈ ತಪ್ಪುತ್ತಾರೆ, ಅಂಗಿಯ ಜೇಬಿನಲ್ಲಿ ಅಪ್ಪನ ಫೋನ್ ನಂಬರಿನ ಚೀಟಿ ಹಾಕಿ ಪಿನ್ ಚುಚ್ಚಿ. ಮೆಟ್ಟಿಲ ಮೇಲೆ ಹಿಂದಿನಿಂದ ತಳ್ಳು ಜಾಸ್ತಿಯಾಗಿ, ಕಾಲು ನೆಲಕ್ಕೆ ಸರಿಯಾಗಿ ಊರದಂತಾದರೆ ಅಲ್ಲಿಂದ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಲ್ಲಿ. ಜನ ಕರಗಲಿ, ಅಮ್ಮ ಎಲ್ಲಿಗೂ ಹೋಗುವುದಿಲ್ಲ. ಬಂಗಾರದ ಸರ ಮನೆಯಲ್ಲೇ ಇರಲಿ.

ಎರಡೂ ಕಡೆ ಮಂಗ ಇವೆ. ಬಾಳೆಹಣ್ಣು ಕಾಯಿ ಕಾಣುವಂತೆ ಕೈಲಿ ಹಿಡಿದರೆ ನಿಮ್ಮ ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಎಳೆದಾಡಿದರೆ ಕಚ್ಚುತ್ತವೆ. ಕಿತ್ತುಕೊಂಡರೆ ಬಿಟ್ಟುಬಿಡಿ. ಪೂಜೆಯ ಸಾಮಾನೆಲ್ಲ ಬಾಯಿ ಕಟ್ಟಿದ ಬಟ್ಟೆ ಚೀಲದಲ್ಲಿ, ಹೆಗಲಿಗೆ ಅಡ್ಡ ಹಾಕಿಕೊಂಡಿರಲಿ. ಪ್ಲಾಸ್ಟಿಕ್ ಕವರಿನ ಸರಪರ ಸದ್ದು ಕೇಳಿದರೇ ಓಡಿಬರುತ್ತವೆ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿ. ಅರಿಶಿನ ಮೆತ್ತಿ ಸುಮ್ಮನಿರಬೇಡಿ.

ಮಂಡಿ ನೋವಿರುವವರನ್ನು ಹತ್ತಿಸುವಾಗಷ್ಟೇ ಜೋಪಾನ ಮಾಡುತ್ತೇವೆ, ಇಳಿಯುವಾಗ ಮರೆಯುತ್ತೇವೆ. ಕಾಲು ಮುಗ್ಗರಿಸುವುದು ಇಳಿಯುವಾಗಲೇ. ಅವರ ಮುಂದೆ ಒಬ್ಬರು, ಪಕ್ಕದಲ್ಲಿ ಒಬ್ಬರು ಇರಲಿ. ಚಪ್ಪಲಿ ಚೀಲ, ನೀರಿನ ಬಾಟಲಿ ಮಕ್ಕಳ ಕೈಗೆ ಕೊಡಿ. ಡಬ್ಬಿ ಬಿಚ್ಚಿ ಹುಗ್ಗಿ ಹಂಚುವುದು ಪೂರ್ತಿ ಕೆಳಗಿಳಿದು, ಮಂಗಗಳಿಲ್ಲದ ಕಡೆ ಕೂತ ಮೇಲೆ.